ಗಂಗಮ್ಮನ ಮುಂದೆ ಆರಿಸಿದ ಕರ್ಪೂರ

ಕರ್ಪೂರದ ವಾಸನೆ ಬಂದರೆ ಜನ ಕೈಮುಗಿಯುತ್ತಾರೆ. ನನಗೆ ಮೈ ಉರಿಯುತ್ತದೆ. ದೇವರೆಂದರೆ ಆಗದವಳು ಎಂದುಕೊಳ್ಳಬೇಡಿ, ದಿನಾ ಸಂಜೆ ದೀಪ ಹಚ್ಚುವವಳೇ ನಾನು. ಕರ್ಪೂರ ಮಾತ್ರ ಮನೆಗೆ ತರಿಸುವುದಿಲ್ಲ.

ಮೊನ್ನೆ ಕೋಲಾರದಲ್ಲಿ ನಮ್ಮ ತಂಗಿಯ ಮಗಳ ಮನೆಯ ಗೃಹಪ್ರವೇಶ. ಮಂಗಳಾರತಿ ಮುಗಿದು ಹೊಸ ಗೋಡೆಗಳ ಮಧ್ಯೆ ಆ ಹೊಗೆ ಇನ್ನೂ ನಿಂತಿತ್ತು. ಊಟಕ್ಕೆ ನನ್ನ ಪಕ್ಕ ಕೂತಿದ್ದ ಹೆಂಗಸು ಮಾಲೂರಿನವಳು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ತನ್ನ ಕಷ್ಟ ಹೇಳಿಕೊಂಡಳು. "ನಮ್ ತಮ್ಮ ವಿಪರೀತ ಕುಡೀತಾನೆ ಆಂಟಿ. ಬರೋ ಶುಕ್ರವಾರ ಯಲ್ದೂರ್ ಕಡೆ ಒಂದು ಗಂಗಮ್ಮನ ಗುಡಿಗೆ ಕರ್ಕೊಂಡ್ ಹೋಗ್ತಿದೀವಿ. ಅಲ್ಲಿ ಕರ್ಪೂರ ಆರ್ಸಿ ಆಣೆ ಮಾಡಿದ್ರೆ ಅವತ್ತಿಂದಾನೇ ಕುಡಿತ ನಿಂತೋಗುತ್ತಂತೆ. ಬಹಳ ಹಿಂದೆ ಯಾರೋ ಮಾವಿನ ಕಸಿ ಕಟ್ಟೋನು ಹಂಗೇ ಬಿಟ್ಟನಂತೆ. ಸತ್ಯವಾದ ತಾಯಿ."

ಮುರಿದಿದ್ದ ಒಬ್ಬಟ್ಟು ಎಲೆಗೆ ಬಿತ್ತು. "ಏನಮ್ಮಾ, ತಮ್ಮನ್ನ ಉಳಿಸ್ಕೋಬೇಕು ಅಂತಿದೀಯೋ, ಕಳ್ಕೋಬೇಕು ಅಂತಿದೀಯೋ?" ಎಂದು ಕೂಗಿಬಿಟ್ಟೆ. ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತರು. ತಂಗಿ ದೂರದಿಂದ ಕಣ್ಣು ಬಿಟ್ಟಳು. ವಯಸ್ಸಾಯಿತು, ದೊಡ್ಡಮ್ಮನಿಗೆ ಬಿಪಿ ಎಂದು ಯಾರೋ ಸಮಾಧಾನ ಹೇಳಿದರು. ಬಿಪಿ ಇರುವುದು ನಿಜ. ಆದರೆ ಆ ಕೂಗು ಬಿಪಿಯದಲ್ಲ. ಆ ಕಸಿ ಕಟ್ಟುವವನು ನನಗೆ ಗೊತ್ತು. ಅವನು ಕುಡಿತ ಬಿಟ್ಟದ್ದು ಹೇಗೆ ಎಂಬುದೂ ಗೊತ್ತು.

ಎಂಬತ್ತರ ದಶಕದ ಶುರುವಿನ ಒಂದು ಮುಂಗಾರು ಅದು. ಸಮಾಜಕಾರ್ಯ ಓದಿ ಮುಗಿಸಿ, ಕುಡಿತದಿಂದ ಕೆಟ್ಟ ಸಂಸಾರಗಳ ನಡುವೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ಆಫೀಸು ಶ್ರೀನಿವಾಸಪುರದಲ್ಲಿ, ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ. ನಮ್ಮ ಕಾರ್ಯದರ್ಶಿಗಳು ಬಿಳಿ ಖಾದಿಯ ದೊಡ್ಡ ಮನುಷ್ಯರು. ಕುಡಿತ ಬಿಡಿಸುವುದೆಂದರೆ ಭಾಷಣ ಎಂದು ಬಲವಾಗಿ ನಂಬಿದ್ದರು. ಸೇರಿದ ದಿನವೇ ನನ್ನ ಕೈಗೆ ಒಂದು ಸುರುಳಿ ಪೋಸ್ಟರುಗಳನ್ನು ಕೊಟ್ಟರು. ಬಾಟಲಿಯೊಳಗೆ ಅಸ್ಥಿಪಂಜರ ಕೂತಿರುವ ಚಿತ್ರ. "ಇದನ್ನ ಊರೂರಲ್ಲಿ ಅಂಟಿಸಮ್ಮ, ನೋಡಿದ ತಕ್ಷಣ ಹೆದರಿ ಬಿಡ್ತಾರೆ" ಎಂದರು. ಬಾಟಲಿಗೆ ಹೆದರುವವನು ಮೊದಲೇ ಯಾಕೆ ಹಿಡಿಯುತ್ತಿದ್ದ? ಪೋಸ್ಟರುಗಳನ್ನು ಮಂಚದ ಕೆಳಗೆ ಹಾಕಿ ನಾನು ಬಸ್ಸು ಹತ್ತಿದೆ.

ನನಗೆ ಕೊಟ್ಟಿದ್ದು ಯಲ್ದೂರಿನಿಂದ ಒಳಗೆ ಹೋಗುವ ಹಳ್ಳಿಗಳು. ಈ ಕಥೆ ನಡೆದ ಊರಿನ ಹೆಸರು ಹೇಳುವುದಿಲ್ಲ, ಆ ಜನರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಊರ ಸುತ್ತ ಮಾವಿನ ತೋಪು, ಮಧ್ಯೆ ರಾಗಿ ಹೊಲ, ಕೆರೆ ಏರಿಯ ಮೇಲೆ ಗಂಗಮ್ಮನ ಗುಡಿ, ಬಸ್ ನಿಲ್ಲುವ ಕಡೆ ಸಾರಾಯಿ ಅಂಗಡಿ. ಯಾರು ಬಸ್ಸಿಳಿದರೂ ಅಂಗಡಿ ದಾಟಿಯೇ ಮನೆಗೆ ಹೋಗಬೇಕು. ಆ ಜಾಗ ಆರಿಸಿದವನು ದಡ್ಡನಲ್ಲ.

ಮೊದಲ ವಾರ ನನ್ನನ್ನು ನೋಡಿದರೆ ಗಂಡಸರು ಹೊಲದ ಕಡೆ ಓಡುತ್ತಿದ್ದರು. ಎಮರ್ಜೆನ್ಸಿ ಕಾಲದ ಸಂತಾನಹರಣ ಆಪರೇಷನ್ನಿನ ಭಯ ಇನ್ನೂ ಹೋಗಿರಲಿಲ್ಲ. ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಂದವಳು ಆಪರೇಷನ್ ಮೇಡಮ್ಮನೇ ಇರಬೇಕು! "ಎವರು ಮೀರು?" ಯಾರು ನೀವು ಎಂದು ಒಬ್ಬ ಮುದುಕಿ ತೆಲುಗಿನಲ್ಲಿ ಕೇಳಿದಳು. ನಮ್ಮ ತಾಯಿ ಮುಳಬಾಗಿಲಿನವರು, ತೆಲುಗಿನಲ್ಲೇ ಉತ್ತರ ಕೊಟ್ಟೆ. ಅವತ್ತಿನಿಂದ ಜಗಲಿ ಸಿಕ್ಕಿತು. ನನ್ನ ಕೆಲಸ ನಡೆಯುತ್ತಿದ್ದದ್ದು ಆ ಜಗಲಿಗಳ ಮೇಲೇ. ಹೆಂಗಸರ ಜೊತೆ ರಾಗಿ ಹಸನು ಮಾಡುತ್ತಾ ಕೂರುವುದು, ಅವರು ಹೇಳುವುದನ್ನು ಕೇಳುವುದು. ಗಂಡಸರು ಮನೆಗೆ ಬಂದಾಗ ಎದ್ದು ಓಡದೆ ಅವರ ಜೊತೆಗೂ ಮಾತಾಡುವುದು, ಬೈಯದೆ. ಬೈಯುವುದಕ್ಕೆ ಊರೆಲ್ಲ ಇತ್ತು.

ಅಲ್ಲಿ ಸಿಕ್ಕಿದವಳು ರತ್ನಮ್ಮ. ಅವಳ ಗಂಡ ವೆಂಕಟರೋಣಪ್ಪ, ಮಾವಿಗೆ ಕಸಿ ಕಟ್ಟುವುದರಲ್ಲಿ ಆ ಸುತ್ತಿನಲ್ಲೆಲ್ಲ ಹೆಸರಾದವನು. "ನಮ್ಮನೇಲಿರೋನು ಸಾರಾಯಿ ಜೊತೆ ಸಂಸಾರ ಮಾಡ್ತಾವ್ನೆ ಮೇಡಮ್ಮಾ. ನಾನು ಎರಡನೇ ಹೆಂಡ್ತಿ" ಎಂದು ಅವಳು ನಕ್ಕಳು. ನಗುತ್ತಾ ನಗುತ್ತಾ ಮೊರ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಕಸಿ ಕಟ್ಟುವುದು ಮಳೆಗಾಲದ ಕೆಲಸ. ಮಾವಿನ ವಾಟೆಯಿಂದ ಎದ್ದ ಸಸಿಯನ್ನು ಕುಂಡದ ಸಮೇತ ಬಾದಾಮಿಯದೋ ಮಲಗೋವದ್ದೋ ಮರದ ಕೊಂಬೆಯ ಪಕ್ಕಕ್ಕೆ ತಂದಿಟ್ಟು, ಎರಡರ ತೊಗಟೆಯನ್ನೂ ಒಂದೇ ಅಳತೆಗೆ ಹೆರೆದು, ಸೇರಿಸಿ, ಬಾಳೆನಾರಿನಲ್ಲಿ ಬಿಗಿಯಬೇಕು. ಚಾಕು ಒಂದಿಷ್ಟು ಆಳಕ್ಕೆ ಹೋದರೆ ಎರಡೂ ಕೆಡುತ್ತವೆ. ಕೂಡಿಕೊಂಡ ಮೇಲೆ ಕಟ್ಟು ಸರಿಯಾದ ಹೊತ್ತಿಗೆ ಬಿಚ್ಚಬೇಕು. ಇಲ್ಲದಿದ್ದರೆ ನಾರು ಕಾಂಡವನ್ನು ಕಚ್ಚಿಕೊಂಡು ಗುರುತು ಹಾಗೇ ಉಳಿಯುತ್ತದೆ. ಇದನ್ನೆಲ್ಲ ನನಗೆ ತೋರಿಸಿಕೊಟ್ಟಿದ್ದು ವೆಂಕಟರೋಣಪ್ಪನೇ. ಅಷ್ಟು ನಾಜೂಕಿನ ಕೆಲಸದವನ ಕೈ ಬೆಳಗ್ಗೆ ಎದ್ದರೆ ಗಡಗಡ ನಡುಗುತ್ತಿತ್ತು. ಅಂಗಡಿಗೆ ಹೋಗಿ ಒಂದಿಷ್ಟು ಹಾಕಿಕೊಂಡು ಬಂದರೆ ನಿಲ್ಲುತ್ತಿತ್ತು. "ಕೈ ನಂದೇ ಮೇಡಮ್ಮಾ. ಮಾತ್ ಮಾತ್ರ ಅದ್ರದ್ ಕೇಳ್ತವೆ" ಎನ್ನುತ್ತಿದ್ದ.

ಆ ಮುಂಗಾರಿನಲ್ಲಿ ಬೆಳಗಿನ ಕುಡಿತಕ್ಕೂ ಕೈ ನಿಲ್ಲದ ಹಾಗಾಯಿತು. ಒಂದು ದಿನ ತೋಪಿನಲ್ಲಿ ಚಾಕು ಜಾರಿ ಹೆಬ್ಬೆರಳು ಸೀಳಿಕೊಂಡ. ಅದಕ್ಕೂ ಹೆಚ್ಚಾಗಿ, ಅವನು ಕಟ್ಟಿದ್ದ ಕಸಿಗಳು ಒಂದೊಂದಾಗಿ ಒಣಗಿದವು. ತೋಪಿನವರು, ಸ್ವಲ್ಪ ದಿನ ಮನೆಯಲ್ಲಿರಪ್ಪಾ ಎಂದು ಕಳಿಸಿದರು. ಅವತ್ತು ಸಂಜೆ ಅವನಾಗೇ ನನ್ನನ್ನು ಹುಡುಕಿಕೊಂಡು ಬಂದ. ಕುಡಿದೇ ಇದ್ದ, ಆದರೆ ಮಾತು ನೆಟ್ಟಗಿತ್ತು. "ಇದನ್ನ ಬಿಡ್ಬೇಕು ಮೇಡಮ್ಮಾ. ನನ್ ಕೈ ನಂಗ್ ವಾಪಸ್ ಬೇಕು. ಏನ್ ಮಾಡ್ಬೇಕೋ ಹೇಳಿ, ಮಾಡ್ತೀನಿ."

ಕುಡಿಯುವ ಮನುಷ್ಯ ತಾನಾಗೇ ಬಂದು ಹೀಗೆ ಕೇಳುವುದು ಎಷ್ಟು ಅಪರೂಪ ಎಂದು ಈ ಕೆಲಸ ಮಾಡಿದವರಿಗೇ ಗೊತ್ತು. ಮಾರನೆಯ ದಿನವೇ ಬೆಂಗಳೂರಿಗೆ ಹೋಗಿ, ಇಂಥವರನ್ನು ನೋಡುವ ಒಂದು ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಕಂಡೆ. ಮುಂದಿನ ಸೋಮವಾರಕ್ಕೆ ಹಾಸಿಗೆ ಕೊಡುತ್ತೇನೆ ಎಂದರು. ಮತ್ತೊಂದು ಮಾತನ್ನೂ ಒತ್ತಿ ಹೇಳಿದರು. ವರ್ಷಗಟ್ಟಲೆ ಹೀಗೆ ಕುಡಿದವನು ಒಂದೇ ಸಲಕ್ಕೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಸಾಯಲೂಬಹುದು. ಆಸ್ಪತ್ರೆಗೆ ಬರುವವರೆಗೆ ಸ್ವಲ್ಪ ಸ್ವಲ್ಪ ಕುಡಿಯಲಿ, ಹೊಟ್ಟೆಗೆ ಊಟ ಬೀಳಲಿ. ನಿಲ್ಲಿಸುವ ಕೆಲಸ ನಮ್ಮ ಕಣ್ಣ ಮುಂದೆ, ಔಷಧಿ ಜೊತೆ ಆಗಬೇಕು ಎಂದರು.

ಊರಿಗೆ ಬಂದು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದೆ. ರತ್ನಮ್ಮನಿಗೆ ತಲೆ ಬುಡ ಅರ್ಥವಾಗಲಿಲ್ಲ. "ಬಿಡ್ಸೋಕ್ ಬಂದು ಕುಡಿ ಅಂತೀರಲ್ಲ ಮೇಡಮ್ಮಾ!" ಮತ್ತೆ ಹೇಳಿದೆ. ಒಪ್ಪಿದಳು. ಆದರೆ ಆ ಮಾತು ಬಾವಿ ಕಟ್ಟೆಗೆ ಹೋಯಿತು, ಅಲ್ಲಿಂದ ಸಾರಾಯಿ ಅಂಗಡಿಗೆ ಹೋಯಿತು, ಅಂಗಡಿಯಲ್ಲಿ ನಗೆಯೋ ನಗೆ. ಅಂಗಡಿ ಗುತ್ತಿಗೆ ಹಿಡಿದಿದ್ದವನು ಕೃಷ್ಣಪ್ಪ. ಗಂಗಮ್ಮನ ಗುಡಿಯ ಜೀರ್ಣೋದ್ಧಾರ ಕಮಿಟಿಗೆ ಅಧ್ಯಕ್ಷನೂ ಅವನೇ. ಬೆಳಗ್ಗೆ ಗುಡಿ, ಸಂಜೆ ಅಂಗಡಿ, ಎರಡೂ ಕಡೆ ಅದೇ ಕುಂಕುಮದ ಬೊಟ್ಟು. "ನೋಡ್ರಪ್ಪಾ, ಸರ್ಕಾರದ್ ಜೊತೆ ನನ್ ಜೊತೆ ಈ ಮೇಡಮ್ಮನೂ ಸೇರ್ಕೊಂಡ್ರು, ಕುಡೀರಿ ಕುಡೀರಿ ಅಂತಾವ್ರೆ" ಎಂದನಂತೆ. ಆ ನಗೆ ಈಗ ನೆನೆಸಿಕೊಂಡರೂ ಹಲ್ಲು ಕಡಿಯುವಂತಾಗುತ್ತದೆ.

ಊರಿನ ಯಜಮಾನ ಪಿಳ್ಳಪ್ಪ ನಗಲಿಲ್ಲ. ಅವನು ಒಳ್ಳೆಯ ಮುದುಕ, ನಿಜವಾಗಿಯೂ ಒಳ್ಳೆಯವನು. ವೆಂಕಟರೋಣಪ್ಪನಿಗೆ ದೊಡ್ಡಪ್ಪನಾಗಬೇಕು. ಹೆಂಗಸೊಬ್ಬಳು ತನ್ನ ತಮ್ಮನ ಮಗನಿಗೆ ಕುಡಿ ಎಂದಳಲ್ಲಾ ಎಂದು ಅವನಿಗೆ ತಡೆಯಲಾರದ ನೋವಾಯಿತು. ಆ ಕಡೆಯ ಹಳ್ಳಿಗಳಲ್ಲಿ ಇಂಥದ್ದಕ್ಕೆಲ್ಲ ಒಂದು ಪದ್ಧತಿ ಇತ್ತು. ಆಣೆ ಮಾಡುವವನು ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಗಂಗಮ್ಮನ ಮುಂದೆ ನಿಂತು, ತಟ್ಟೆಯಲ್ಲಿ ಉರಿಯುತ್ತಿರುವ ಕರ್ಪೂರವನ್ನು ಬಲಗೈಯಿಂದ ಹೊಡೆದು ಆರಿಸಬೇಕು. ಆರಿಸಿದ ಮೇಲೆ ಮುಗಿಯಿತು. ಕಳ್ಳತನ ಮಾಡಿಲ್ಲ ಎಂದರೂ ಅಷ್ಟೇ, ಕುಡಿಯುವುದಿಲ್ಲ ಎಂದರೂ ಅಷ್ಟೇ. ತಪ್ಪಿದವನನ್ನು ತಾಯಿ ಹಿಡಿಯುತ್ತಾಳೆ. ಆ ಮನೆಯವರಿಗೆ ಗುಡಿಯ ತೀರ್ಥ ಇಲ್ಲ, ಒಳ್ಳೆಯ ಕೆಲಸಕ್ಕೆ ಕರೆಯುವುದೂ ಇಲ್ಲ.

ಆ ಶುಕ್ರವಾರ ನಾನು ಊರಲ್ಲಿರಲಿಲ್ಲ, ತಾಯಲೂರಿನಲ್ಲಿ ಕಾರ್ಯದರ್ಶಿಗಳ ಭಾಷಣಕ್ಕೆ ಜನ ಸೇರಿಸುವ ಕೆಲಸಕ್ಕೆ ಹಚ್ಚಿದ್ದರು. ಪಿಳ್ಳಪ್ಪ ಮನೆಗೆ ಬಂದು, "ನಡಿಯೋ, ಆಸ್ಪತ್ರೆ ಗೀಸ್ಪತ್ರೆ ಯಾಕ್ಲಾ, ಅಮ್ಮ ಇಲ್ವಾ?" ಎಂದು ಕರೆದ. ದೊಡ್ಡಪ್ಪನಿಗೆ ಇಲ್ಲ ಎನ್ನುವುದು ಹೇಗೆ? ಹತ್ತು ಜನರ ಮುಂದೆ ವೆಂಕಟರೋಣಪ್ಪ ಕರ್ಪೂರ ಆರಿಸಿದ. ಕರ್ಪೂರ ತಂದುಕೊಟ್ಟವನು ಕೃಷ್ಣಪ್ಪ. ಸಾರಾಯಿಯೂ ಅವನದು, ಕರ್ಪೂರವೂ ಅವನದು!

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಬಂದೆ, ಬೆಂಗಳೂರಿಗೆ ಕರೆದುಕೊಂಡು ಹೋಗಲು. ತುಂತುರು ಮಳೆ. ಬಸ್ಸಿಳಿಯುತ್ತಿದ್ದಂತೆ ಕೆರೆ ಏರಿಯ ಕಡೆಯಿಂದ ತಮಟೆ ಸದ್ದು ಕೇಳಿತು. ಮನೆಯಲ್ಲಿ ಯಾರೂ ಇಲ್ಲ, ಬಾಗಿಲು ಹಾಗೇ ತೆರೆದಿತ್ತು. ಗುಡಿಯ ಕಡೆ ಓಡಿದೆ.

ಗುಡಿಯ ಮುಂದಿನ ಕಲ್ಲುಕಂಬಕ್ಕೆ ವೆಂಕಟರೋಣಪ್ಪನನ್ನು ಕಟ್ಟಿದ್ದರು. ಬಾವಿಯ ಹಗ್ಗ. ಎರಡೂ ಕೈಗಳನ್ನು ಹಿಂದಕ್ಕೆ ಎಳೆದು ಬಿಗಿದಿದ್ದರು. ಮೈಯೆಲ್ಲ ಬೆವರು, ಕಣ್ಣು ಎಲ್ಲೋ ನೆಟ್ಟಿತ್ತು. ಎದೆಯ ಮೇಲೆ, ತೋಳಿನ ಮೇಲೆ ಏನೋ ಹರಿಯುತ್ತಿದೆ ಎನ್ನುವಂತೆ ಕೊಸರಾಡುತ್ತಿದ್ದ. ಹುಟ್ಟಿದ ಮನೆಯ ತೆಲುಗಿನಲ್ಲಿ ಕಿರುಚುತ್ತಿದ್ದ. "ಚೀಮಲು! ಚೀಮಲು! ತೀಸೇಯಂಡಿ!" ಇರುವೆಗಳು, ತೆಗೆದುಹಾಕಿ ಎಂದು. ಒಂದು ಇರುವೆಯೂ ಇರಲಿಲ್ಲ. ಪಿಳ್ಳಪ್ಪ ಬೇವಿನ ಸೊಪ್ಪಿನಿಂದ ಅವನ ಮುಖಕ್ಕೆ ಹೊಡೆಯುತ್ತಾ ಅಳುತ್ತಿದ್ದ. "ಎಲ್ ಕುಡ್ದೆ ಹೇಳ್ಬಿಡೋ, ನಮ್ಮಪ್ಪಾ. ತಪ್ಪಾಯ್ತು ಅನ್ನು, ತಾಯಿ ಬಿಟ್ಬಿಡ್ತಾಳೆ." ಪೂಜಾರಿ ತಟ್ಟೆ ತುಂಬ ಕರ್ಪೂರ ಉರಿಸಿ ಅವನ ಮೂಗಿನ ಹತ್ತಿರ ಹಿಡಿದಿದ್ದ. ಆ ಹೊಗೆ ನನ್ನ ಗಂಟಲಿಗೆ ಇಳಿದದ್ದು ಇವತ್ತಿನವರೆಗೂ ಪೂರ್ತಿ ಹೋಗಿಲ್ಲ.

ಅವರ ಲೆಕ್ಕ ಸರಳವಾಗಿತ್ತು. ಕರ್ಪೂರ ಆರಿಸಿದವನಿಗೆ ಹೀಗಾಗಬೇಕಾದರೆ ಅವನು ಕದ್ದು ಕುಡಿದಿರಲೇಬೇಕು. ಆಣೆ ತಪ್ಪಿದ್ದಾನೆ, ಅಮ್ಮ ಹಿಡಿದಿದ್ದಾಳೆ. ನೆಲದ ಮೇಲೆ ಕೂತಿದ್ದ ರತ್ನಮ್ಮ ಬಂದವರ ಕಾಲನ್ನೆಲ್ಲ ಹಿಡಿಯುತ್ತಿದ್ದಳು. "ಒಂದ್ ತೊಟ್ಟೂ ಮುಟ್ಟಿಲ್ಲ ಕಣ್ರಪ್ಪಾ. ನಾನೇ ಜೊತೇಲಿದ್ದೆ. ಬಾಯಾರಿ ಬಾಯಾರಿ ಒದ್ದಾಡಿದ್ರೂ ಮುಟ್ಟಿಲ್ಲ." ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಗಂಡನ ಪರ ಹೇಳದೆ ಇನ್ನೇನು ಹೇಳುತ್ತಾಳೆ?

"ಬಿಚ್ಚ್ರೀ ಹಗ್ಗ!" ಎಂದೆ. ನನ್ನ ಗಂಟಲಿನಲ್ಲಿ ಅಷ್ಟು ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ತಮಟೆ ನಿಂತಿತು. ಕೃಷ್ಣಪ್ಪ ಮುಂದೆ ಬಂದ. "ನೋಡಮ್ಮಾ, ಇದು ದೇವ್ರ ವಿಷ್ಯ. ನಿಮ್ ಕಾಲೇಜಲ್ಲಿ ಇದನ್ನ ಹೇಳ್ಕೊಟ್ಟಿರಲ್ಲ."

"ದೇವ್ರ ವಿಷ್ಯ ಅಲ್ಲ ಕೃಷ್ಣಪ್ಪನೋರೆ, ನಿಮ್ ಅಂಗಡಿ ವಿಷ್ಯ! ವರ್ಷಗಟ್ಟಲೆ ಕುಡಿದ ಮೈ ಇದು. ಒಂದೇ ದಿನಕ್ಕೆ ನಿಲ್ಸಿದ್ರೆ ಹಿಂಗೇ ಆಗುತ್ತೆ. ಕುಡಿದಿದ್ರೆ ಹಿಂಗಾಗ್ತಿರ್ಲಿಲ್ಲ. ಆಣೆ ತಪ್ಪಿಲ್ಲ ಅಂತಾನೇ ಹಿಂಗಾಗಿರೋದು. ನಿಮ್ ಜೀಪ್ ಕೊಡಿ, ಆಸ್ಪತ್ರೆಗೆ ಹೋಗ್ಬೇಕು."

"ಅಮ್ಮ ಹಿಡಿದೋನನ್ನ ನನ್ ಜೀಪಿಗೆ ಹಾಕ್ತಾರಾ? ನನಗೂ ಮಕ್ಳುಮರಿ ಇಲ್ವಾ?" ಎಂದ ಆ ಮಹಾನುಭಾವ. ಊರಿಗೆಲ್ಲ ಇದ್ದದ್ದು ಅದೊಂದೇ ಜೀಪು, ಗುಡಿಯ ಪಕ್ಕದಲ್ಲೇ ನಿಂತಿತ್ತು. ಸಾರಾಯಿ ಡಬ್ಬಗಳನ್ನು ತರುತ್ತಿದ್ದದ್ದು ಅದರಲ್ಲೇ.

ಅಷ್ಟರಲ್ಲಿ ವೆಂಕಟರೋಣಪ್ಪನ ಕತ್ತು ಹಿಂದಕ್ಕೆ ಸೆಟೆದು, ಬಾಯಲ್ಲಿ ನೊರೆ ಬಂದು, ಮೈ ಅದುರಲು ಶುರುವಾಯಿತು. ಫಿಟ್ಸ್. ಜನ ಹೆದರಿ ಹಿಂದೆ ಸರಿದರು. ರತ್ನಮ್ಮ ಎದ್ದಳು. ಗಂಡನ ಸೊಂಟದ ಚೀಲದಲ್ಲಿ ಕಸಿ ಚಾಕು ಹಾಗೇ ಇತ್ತು. ಅದನ್ನು ಹಿರಿದು ಹಗ್ಗ ಕೊಯ್ದಳು. ನಾನು ಅವನ ತಲೆ ಕಲ್ಲಿಗೆ ಬಡಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಹೊರಳಿಸಿದೆ. ಮಣಿಕಟ್ಟುಗಳಲ್ಲಿ ಹಗ್ಗ ಚರ್ಮ ಹರಿದು ಒಳಗೆ ಇಳಿದಿತ್ತು, ರಕ್ತ ಮಳೆನೀರಿನ ಜೊತೆ ಹರಿಯುತ್ತಿತ್ತು. ಕಟ್ಟಿದವರೆಲ್ಲ ಅವನನ್ನು ಎತ್ತಿಕೊಂಡು ಬೆಳೆಸಿದವರೇ. ಅದನ್ನು ನೆನೆದರೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂದೇ ತಿಳಿಯುವುದಿಲ್ಲ, ಹಾಗಾಗಿ ಎಲ್ಲರ ಮೇಲೂ ಬರುತ್ತದೆ.

ಕೆರೆ ಏರಿಯ ಮೇಲೆ ತೋತಾಪುರಿ ತುಂಬಿದ ಲಾರಿಯೊಂದು ಬಂತು. ಗುಂಪು ನೋಡಿ ಡ್ರೈವರ್ ನಿಲ್ಲಿಸಿದ. ಶ್ರೀನಿವಾಸಪುರದ ಬಾಷಾ ಎಂಬ ಮನುಷ್ಯ. ನಾನು ಅರ್ಧ ಹೇಳುವಷ್ಟರಲ್ಲಿ ಕೆಳಗಿಳಿದು ವೆಂಕಟರೋಣಪ್ಪನ ಕಂಕುಳಿಗೆ ಕೈ ಹಾಕಿದ್ದ. "ಬೇಗ ಹತ್ಸಿ ಅಮ್ಮಾ. ಮಾವಿನಕಾಯಿ ಸ್ವಲ್ಪ ತಡೀತದೆ, ಮನ್ಷ ತಡೆಯಲ್ಲ." ಮಾವಿನ ರಾಶಿಯ ಮೇಲೆ ಗೋಣಿ ಹಾಸಿ ಮಲಗಿಸಿದೆವು. ರತ್ನಮ್ಮ ಅವನನ್ನು ಅಪ್ಪಿ ಹಿಡಿದುಕೊಂಡು ಕೂತಳು. ದಾರಿಯುದ್ದಕ್ಕೂ ಅವನು ತನ್ನ ತೋಳಿನಿಂದ ಇರುವೆ ಕೊಡವುತ್ತಿದ್ದ, ಅವಳು ತಾನೂ ಕೊಡವಿದಂತೆ ಮಾಡುತ್ತಿದ್ದಳು.

ದಾರಿಯಲ್ಲಿ ಸಿಕ್ಕ ಮೊದಲ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ಕುಡುಕರಿಗೆಲ್ಲ ಬೆಡ್ ಇಲ್ಲ. ಅಮಲು ಇಳಿದ್ಮೇಲೆ ತಾನೇ ಸರಿಹೋಗ್ತಾನೆ, ಕರ್ಕೊಂಡ್ ಹೋಗಿ."

"ಅಮಲು ಇಳಿದಿದ್ದಕ್ಕೇ ಸಾಯ್ತಿದಾನೆ ಡಾಕ್ಟ್ರೇ!" ಎಂದು ಅವರ ಕೋಣೆಯ ಹೊಸ್ತಿಲ ಮೇಲೆಯೇ ಕೂತೆ. ಏಳುವುದಿಲ್ಲ, ಬೇಕಾದರೆ ಪೊಲೀಸರನ್ನು ಕರೆಸಿ ಎಂದೆ. ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಆಮೇಲೆ ಇಂಜೆಕ್ಷನ್ ಬಂತು, ಗ್ಲೂಕೋಸ್ ಬಂತು. ಕೊಡುವುದಕ್ಕೆ ಎಲ್ಲ ಇತ್ತು. ಕುಡುಕನಿಗೆ ಕೊಡಬೇಕು ಎನ್ನುವುದೊಂದೇ ಇರಲಿಲ್ಲ. ಮಾರನೆಯ ದಿನ ಬೆಂಗಳೂರಿಗೆ ಸಾಗಿಸಿದೆವು. ಬದುಕಿದ. ಇನ್ನೊಂದಿಷ್ಟು ತಡವಾಗಿದ್ದರೆ ಇಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ಮಳೆಗಾಲ ಮುಗಿಯುತ್ತಾ ಬಂದ ಹೊತ್ತಿಗೆ ಊರಿಗೆ ಬಂದ. ಮುಖದಲ್ಲಿ ಸ್ವಲ್ಪ ಮಾಂಸ ತುಂಬಿತ್ತು. ನನ್ನ ಕೆಲಸದಲ್ಲಿ ಆಸ್ಪತ್ರೆ ಅರ್ಧ, ಊರಿಗೆ ಬಂದ ಮೇಲಿನದ್ದು ಇನ್ನರ್ಧ. ಸಂಜೆ ಬಸ್ಸಿನ ಹೊತ್ತು ಅವನಿಗೆ ಬಲು ಕಷ್ಟ. ಬಾಯಿ ಒಣಗುತ್ತಿತ್ತು, ಕಾಲು ತಾನಾಗೇ ಅಂಗಡಿ ಕಡೆ ತಿರುಗುತ್ತಿತ್ತು. ಆ ಹೊತ್ತಿಗೆ ನಾನು ಹೋಗಿ ಅವರ ಜಗಲಿಯ ಮೇಲೆ ಕೂರುತ್ತಿದ್ದೆ. ಉಪದೇಶ ಇಲ್ಲ, ಏನಿಲ್ಲ. ರತ್ನಮ್ಮ ಬೆಲ್ಲದ ಕಾಫಿ ಕೊಡುತ್ತಿದ್ದಳು, ಅವನು ಕೈ ಪಳಗಲೆಂದು ಸೀಬೆ ಕಡ್ಡಿಗಳನ್ನು ಹೆರೆದು, ಜೋಡಿಸಿ, ನಾರು ಸುತ್ತುತ್ತಿದ್ದ. ಕೈ ನಡುಗುತ್ತಿರಲಿಲ್ಲ. ತನ್ನ ಬೆರಳುಗಳನ್ನು ತಾನೇ ನೋಡುತ್ತಾ, "ಬಂದ್ಬಿಟ್ಟವೆ ಮೇಡಮ್ಮಾ" ಎನ್ನುತ್ತಿದ್ದ. ಮಣಿಕಟ್ಟಿನ ಸುತ್ತ ಹಗ್ಗದ ಗುರುತು ಮಾತ್ರ ಬಿಳಿಚಿಕೊಂಡು ನಿಂತಿತ್ತು.

ಇಷ್ಟಾದ ಮೇಲಾದರೂ ಊರು ಅವನನ್ನು ಬಿಟ್ಟಿತೇ? ಇಲ್ಲ. ಅವನು ಆಣೆ ತಪ್ಪಿದವನು. ಗುಡಿಯಲ್ಲಿ ಅವನಿಗೆ ತೀರ್ಥ ಕೊಡಲಿಲ್ಲ. ಎದುರು ಮನೆಯ ಮದುವೆಗೆ ರತ್ನಮ್ಮನನ್ನು ಕರೆಯಲಿಲ್ಲ. ಆಣೆ ತಪ್ಪಿದವನು ಮುಟ್ಟಿದ ಕಸಿ ಹತ್ತುವುದಿಲ್ಲ ಎಂದು ಯಾರೋ ಹಬ್ಬಿಸಿದರು, ಸುತ್ತಿನ ತೋಪಿನವರು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ ಕಮಿಟಿಯವರು ದಾರಿ ತೋರಿಸಿದರು. ಗುಡಿಯ ಮುಂದೆ ನಿಂತು, ಕದ್ದು ಕುಡಿದೆ, ತಪ್ಪಾಯಿತು ಎಂದು ಒಪ್ಪಿಕೊಂಡುಬಿಡಲಿ. ಅಲ್ಲಿಗೆ ಎಲ್ಲ ಸರಿ.

ವೆಂಕಟರೋಣಪ್ಪ ಕಡ್ಡಿ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಕುಡಿದಾಗೆಲ್ಲ ಕುಡ್ದೆ ಅಂತಾನೇ ಹೇಳ್ದೋನು ನಾನು. ಕುಡೀದೇ ಇದ್ದಾಗ ಕುಡ್ದೆ ಅಂತ ಯಾಕ್ ಹೇಳ್ಲಿ?"

ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. "ಒಂದು ಮಾತು ಹೇಳಿಬಿಟ್ಟರೆ ಏನಮ್ಮಾ ಹೋಗುತ್ತೆ ಅವನದು? ಊರವರ ಸಹಕಾರ ಇಲ್ಲದೆ ನಾವು ಕೆಲಸ ಮಾಡೋಕಾಗುತ್ತಾ? ನೀನೇ ಅವನಿಗೆ ಬುದ್ಧಿ ಹೇಳು." ಏನು ಹೋಗುತ್ತಂತೆ! ಪ್ರಾಣ ಹೋಗುವಾಗಲೂ ಅವನು ಬಿಡದೆ ಹಿಡಿದುಕೊಂಡಿದ್ದು ಆ ಒಂದು ಮಾತನ್ನೇ. ಅದನ್ನೂ ಇವರ ಸಹಕಾರಕ್ಕೆ ಬಲಿ ಕೊಡಬೇಕೇ? ಹೇಳುವುದಿಲ್ಲ ಸಾರ್ ಎಂದು ಎದ್ದು ಬಂದೆ.

ಮುಂದಿನ ಶುಕ್ರವಾರ ರತ್ನಮ್ಮ ಯಾರನ್ನೂ ಕೇಳಲಿಲ್ಲ. ಕೆರೆಯಲ್ಲಿ ಮುಳುಗೆದ್ದು, ನೀರು ಸುರಿಯುವ ಸೀರೆಯಲ್ಲೇ ಗುಡಿಯ ಮುಂದೆ ಬಂದು ನಿಂತಳು. ಪೂಜೆಗೆ ಸೇರಿದ್ದ ಊರೆಲ್ಲ ನೋಡುತ್ತಿತ್ತು, ನಾನೂ ಇದ್ದೆ. ಹೆಂಗಸರು ಹಾಗೆ ಆಣೆಗೆ ನಿಲ್ಲುವುದು ಅಲ್ಲಿ ಇರಲಿಲ್ಲ. "ಹಚ್ಚಯ್ಯ ಕರ್ಪೂರ" ಎಂದಳು ಪೂಜಾರಿಗೆ. ಪೂಜಾರಿ ಕೃಷ್ಣಪ್ಪನ ಮುಖ ನೋಡಿದ. ಪಿಳ್ಳಪ್ಪನೇ ಮುಂದೆ ಬಂದು ಹಚ್ಚಿದ.

"ತಾಯೀ, ನನ್ ಗಂಡ ನಿನ್ ಮುಂದೆ ಕರ್ಪೂರ ಆರ್ಸಿದ್ ಮೇಲೆ ಒಂದ್ ತೊಟ್ಟೂ ಕುಡ್ದಿಲ್ಲ. ಸುಳ್ಳಾದ್ರೆ ನನ್ನ ಇಲ್ಲೇ ತಗೋ" ಎಂದು ರತ್ನಮ್ಮ ಉರಿಯುವ ತಟ್ಟೆಗೆ ಅಂಗೈ ಬಡಿದಳು. ಕರ್ಪೂರ ಆರಿತು. ಅವಳು ಕೈ ತೆಗೆಯದೆ ತಿರುಗಿ ನೋಡಿದಳು. "ಇನ್ನೊಂದ್ ಬಿಲ್ಲೆ ಹಚ್ಚು ದೊಡ್ಮಾವಾ. ಕೃಷ್ಣಪ್ಪಣ್ಣಾ, ಬಾ. ನನ್ ಗಂಡ ಹಾಳಾಗಿದ್ದಕ್ಕೂ ನಿನಗೂ ಸಂಬಂಧ ಇಲ್ಲ ಅಂತ ನೀನೂ ಒಂದ್ಸಲ ಆರ್ಸು."

ಪಿಳ್ಳಪ್ಪ ಹಚ್ಚಿ ತಟ್ಟೆ ಹಿಡಿದ. ಕೃಷ್ಣಪ್ಪ ನಕ್ಕ, ಪಕ್ಕದವರನ್ನು ನೋಡಿದ, ಅವರು ನಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕರ್ಪೂರ ಪೂರ್ತಿ ಉರಿದು ತಾನಾಗೇ ನಂದಿತು. ಆಮೇಲೆ ಪಿಳ್ಳಪ್ಪ ಗುಡಿಯೊಳಗಿಂದ ತೀರ್ಥ ತಂದು, ಗುಂಪಿನ ಹಿಂದೆ ನಿಂತಿದ್ದ ವೆಂಕಟರೋಣಪ್ಪನ ಕೈಗೆ ತಾನೇ ಹಾಕಿದ.

ಇಲ್ಲಿಗೆ ಮುಗಿದಿದ್ದರೆ ನಾನೂ ಮೊನ್ನೆ ಒಬ್ಬಟ್ಟು ತಿಂದು ಸುಮ್ಮನೆ ಎದ್ದು ಬರುತ್ತಿದ್ದೆ. ಮುಗಿಯಲಿಲ್ಲ. ಅಂಗಡಿ ಮುಚ್ಚಲಿಲ್ಲ. ಕೃಷ್ಣಪ್ಪ ಸ್ವಲ್ಪ ದಿನ ಸುಮ್ಮನಿದ್ದು, ಆಮೇಲೆ ಕಥೆಯನ್ನೇ ತಿರುಗಿಸಿದ. ಆಣೆ ನಿಜವಾದ್ದರಿಂದ ಗಂಗಮ್ಮನೇ ವೆಂಕಟರೋಣಪ್ಪನ ಕುಡಿತ ಬಿಡಿಸಿದಳು ಎಂದು ಊರೂರಿಗೆ ಹೇಳಿಸಿದ. ಲಾರಿ ಇಲ್ಲ, ಆಸ್ಪತ್ರೆ ಇಲ್ಲ, ಹಗ್ಗ ಅಂತೂ ಇಲ್ಲವೇ ಇಲ್ಲ. ಮುಳಬಾಗಿಲಿನಿಂದ, ಮಾಲೂರಿನಿಂದ ಕುಡಿಯುವವರನ್ನು ಗಾಡಿ ಕಟ್ಟಿಕೊಂಡು ಕರೆತರುವುದು ಶುರುವಾಯಿತು. ಗುಡಿಗೆ ಹೊಸ ಗೋಪುರ ಬಂತು. "ಬಿಡೋರಿಗೆ ಅಮ್ಮ ಅವ್ಳೆ, ಕುಡಿಯೋರಿಗೆ ನಾನಿದೀನಿ" ಎಂದು ಅವನು ಅಂಗಡಿಯಲ್ಲಿ ಕೂತು ಹೇಳುತ್ತಿದ್ದ.

ಸಂಸ್ಥೆಗೂ ನನಗೂ ಸರಿಬರದೆ ನಾನು ಕೋಲಾರಕ್ಕೆ ಬಂದೆ. ಕೆಲವು ವರ್ಷಗಳ ಮೇಲೆ, ಅದೇ ದಶಕದ ಕೊನೆಯಲ್ಲಿ, ಒಂದು ಶುಕ್ರವಾರ ಆ ಕಡೆ ಹೋಗಿದ್ದೆ. ಗುಡಿಯ ಎದುರಿನ ಬೇವಿನ ಕಟ್ಟೆಯ ಮೇಲೆ ವೆಂಕಟರೋಣಪ್ಪ ಕೂತಿದ್ದ. ಪ್ರತಿ ಶುಕ್ರವಾರ ಕೆಲಸ ಬಿಟ್ಟು ಬಂದು ಕೂರುತ್ತಾನೆ ಎಂದು ರತ್ನಮ್ಮ ಹೇಳಿದಳು. ಯಾವುದೋ ಗಾಡಿ ಬಂದು ನಿಂತಿತು. ಇಬ್ಬರು ಅಣ್ಣಂದಿರು ನಡುಗುತ್ತಿದ್ದ ಒಬ್ಬ ತಮ್ಮನನ್ನು ಇಳಿಸಿದರು. ವೆಂಕಟರೋಣಪ್ಪ ಎದ್ದು ಅಡ್ಡ ನಿಂತು ಎರಡೂ ತೋಳು ಮುಂದೆ ಚಾಚಿದ. "ಇಲ್ಲಿ ಕುಡಿತ ಬಿಟ್ಟೋನು ಒಬ್ಬ ಅವ್ನೆ ಅಂತಾರಲ್ಲ, ಅವ್ನು ನಾನೇ. ಈ ಮಣಿಕಟ್ಟು ನೋಡಿ. ಈ ಗುಡಿಲಿ ನನಗ್ ಸಿಕ್ಕಿದ್ದು ಇದು. ಕುಡಿತ ಬಿಡ್ಸಿದ್ದು ಆಸ್ಪತ್ರೆ. ಮೊದ್ಲು ಅಲ್ಲಿಗ್ ಕರ್ಕೊಂಡ್ ಹೋಗಿ. ಆಮೇಲ್ ಬೇಕಾದ್ರೆ ಬನ್ನಿ, ತಾಯಿಗೆ ಕಾಯಿ ಒಡೆಯೋ ಖರ್ಚು ನಂದು." ಅವರು ಬೈದರು, ಗೊಣಗಿದರು, ಕೊನೆಗೆ ಗಾಡಿ ಹಿಂದಕ್ಕೆ ತಿರುಗಿಸಿದರು.

ಈಗ ವೆಂಕಟರೋಣಪ್ಪ ಇಲ್ಲ. ಹಣ್ಣಾದ ವಯಸ್ಸಿನಲ್ಲಿ, ತಾನು ಕಸಿ ಕಟ್ಟಿದ ತೋಪಿನ ಪಕ್ಕದ ಮನೆಯಲ್ಲೇ ತೀರಿಕೊಂಡ. ರತ್ನಮ್ಮನೂ ಹೋದಳು. ಕಟ್ಟೆ ಖಾಲಿ ಬಿದ್ದಿದೆ, ಗಾಡಿಗಳು ಬರುತ್ತಲೇ ಇವೆ. ಅವನ ಹೆಸರನ್ನೇ ಹೇಳಿಕೊಂಡು ಬರುತ್ತವೆ.

ಗೃಹಪ್ರವೇಶದ ದಿನ ಕೈ ತೊಳೆದುಕೊಂಡು ಬಂದು ಮಾಲೂರಿನ ಆ ಹೆಣ್ಣುಮಗಳ ಪಕ್ಕ ಮತ್ತೆ ಕೂತೆ. ಎಲ್ಲ ಹೇಳಿದೆ. ಆಸ್ಪತ್ರೆಯ ದಾರಿಯನ್ನೂ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಕಣ್ಣಿನಲ್ಲಿ ನಂಬಿಕೆ ಕಾಣಲಿಲ್ಲ. "ಮನೇಲಿ ಎಲ್ರೂ ಒಪ್ಕೊಂಡ್ಬಿಟ್ಟಿದಾರೆ ಆಂಟಿ, ಗಾಡಿಗೂ ಹೇಳಿಯಾಗಿದೆ" ಎಂದಳು.

ಸರಿ. ಶುಕ್ರವಾರ ಬೆಳಗ್ಗೆ ಶ್ರೀನಿವಾಸಪುರದ ಬಸ್ಸಿಗೆ ನಾನೂ ಹೊರಟಿದ್ದೇನೆ. ಬೇಡ, ಈ ವಯಸ್ಸಿನಲ್ಲಿ ಯಾಕೆ ಎಂದು ತಂಗಿ ಹೇಳುತ್ತಿದ್ದಾಳೆ. ಆ ಬೇವಿನ ಕಟ್ಟೆಯ ಮೇಲೆ ಕೂರುತ್ತೇನೆ. ಮುಂದೆ ಚಾಚಿ ತೋರಿಸುವುದಕ್ಕೆ ನನ್ನ ಮಣಿಕಟ್ಟಿನಲ್ಲಿ ಗುರುತಿಲ್ಲ. ಬಾಯಿ ಇದೆಯಲ್ಲ, ಕೂಗುತ್ತೇನೆ.